ದೊಡ್ಡ ಹಳೇ ಸೆಡಾನ್ ಇಟ್ಟುಕೊಂಡವರಿಗೆ ಒಂದು ಪ್ರಶ್ನೆ: ಊರವರ ಕೀಟಲೆ ಹೇಗೆ ತಡೆದುಕೊಳ್ಳುತ್ತೀರಿ?

ಸೋಂದೆಮಾಣಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪುರಾಣ ಉದ್ದ. ಒಂದು ಕವಳ ಹಾಕಿಕೊಂಡು ಓದಿ.

ನನ್ನ ಹತ್ತಿರ 2012ರ ಸ್ಕೋಡಾ ಸುಪರ್ಬ್ ಇದೆ. 2 ಲೀಟರ್ ಡೀಸೆಲ್, ಆಟೊಮ್ಯಾಟಿಕ್, ಕಪ್ಪು ಬಣ್ಣ. ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿದ್ದರು, ಹೊಸ ಸಣ್ಣ ಕಾರಿಗೆ ಕೊಡುವ ದುಡ್ಡಿಗಿಂತ ಕಡಿಮೆಗೆ ಸಿಕ್ಕಿತು, ತಂದುಬಿಟ್ಟೆ. ಉದ್ದ 4.8 ಮೀಟರ್. ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಿಲ್ಲಿಸಿದರೆ ಮೂತಿ ಒಳಗೆ, ಬಾಲ ಮಳೆಯಲ್ಲಿ. ತಂದ ದಿನವೇ ನಮ್ಮ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸುತ್ತ ಒಂದು ಪ್ರದಕ್ಷಿಣೆ ಹಾಕಿ, 'ಹೆಗಡೇರೆ, ಇದು ಕಾರೋ ದೋಣಿಯೋ' ಅಂದ. ಅವತ್ತು ನಾನೂ ನಕ್ಕೆ.

ಆಮೇಲೆ ಹೆಸರುಗಳು ಶುರುವಾದವು. ಎಮ್ಮೆ. ಹಡಗು. ಸೋತ ಮಂತ್ರಿ ಕಾರು. ನಮ್ಮ ಕಡೆ ಈಗ ಎಲ್ಲರ ಮನೆ ಅಂಗಳದಲ್ಲೂ ಎತ್ತರದ ಗಾಡಿ. ತೋಟಕ್ಕೆ ಇಳಿಯುವ ಕಚ್ಚಾ ರಸ್ತೆಗೆ ಅದೇ ಸರಿ ಅಂತಾರೆ, ಸುಳ್ಳಲ್ಲ. ನನ್ನದು ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣು ಇಲ್ಲ. ನಮ್ಮ ಮನೆ ದಣಪೆ, ಅಂದರೆ ಅಂಗಳದ ಗೇಟಿನ ಹತ್ತಿರ ಒಂದು ಕಲ್ಲು ಇದೆ, ನೆಲದಿಂದ ಬೆನ್ನು ಮಾತ್ರ ಮೇಲೆ ಎತ್ತಿಕೊಂಡು ಕೂತಿದೆ. ಹಿಂದಿನ ಸೀಟಿನಲ್ಲಿ ಮೂರು ಜನ ಇದ್ದರೆ ಅಲ್ಲಿ 'ಕರ್ರ್' ಅಂತ ಒಂದು ಶಬ್ದ ಗ್ಯಾರಂಟಿ. ಆ ಶಬ್ದ ಕೇಳಿಯೇ ನಾನು ಬಂದೆ ಅಂತ ಆಯಿ ಚಹಾಕ್ಕೆ ನೀರು ಇಡುತ್ತಾಳೆ.

2024ರ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಇನ್ನೊಂದು ಮಜಾ ಆಯಿತು. ಜನ ಕಿಕ್ಕಿರಿದ ರಸ್ತೆಯಲ್ಲಿ ಒಬ್ಬ ಸ್ವಯಂಸೇವಕ ಹುಡುಗ ಕಾರು ನೋಡಿದವನೇ ಹಗ್ಗ ಸರಿಸಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಯಾರೋ ಸಾಹೇಬರು ಅಂದುಕೊಂಡಿರಬೇಕು. ಒಳಗೆ ನಾನು ಲುಂಗಿಯಲ್ಲಿ. ಹಿಂದೆ ಎರಡು ಬಾಳೆಗೊನೆ. ಪಕ್ಕದಲ್ಲಿದ್ದ ನನ್ನ ಭಾವ ಅದನ್ನು ಇಡೀ ಊರಿಗೆ ಹಂಚಿದ್ದಾನೆ. ಈಗ ಯಾರ ಮನೆಗೆ ಹೋದರೂ ಮೊದಲು ಸೆಲ್ಯೂಟ್, ಆಮೇಲೆ ಕುಡಿಯಲು ಆಸರಿ.

ಆದರೆ ಒಂದು ವಿಷಯ ಇವರ್ಯಾರಿಗೂ ಗೊತ್ತಿಲ್ಲ, ಗೊತ್ತಿದ್ದರೂ ಒಪ್ಪುವುದಿಲ್ಲ. ಈ ಎಮ್ಮೆ ಓಡುತ್ತದೆ. 140 ಕುದುರೆ ಶಕ್ತಿ. ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಕಾಲು ಸ್ವಲ್ಪ ಒತ್ತಿದರೆ ಸಾಕು, ಗಲಾಟೆ ಇಲ್ಲ, ಕೂಗಾಟ ಇಲ್ಲ, ಸುಮ್ನೆ ಮುಂದೆ ಇರುತ್ತೇವೆ. ದೇವಿಮನೆ ಘಟ್ಟದಲ್ಲಿ ಕಾಮಗಾರಿಗೆ ಅಂತ ರಸ್ತೆ ಮುಚ್ಚುವುದಕ್ಕೂ ಮೊದಲು ಒಂದು ಸಲ ಕುಮಟಾದಿಂದ ಮದುವೆ ಮುಗಿಸಿ ವಾಪಸ್ ಬರುವಾಗ ಇದೇ ಭಾವ ತನ್ನ ಹೊಸ ಎತ್ತರದ ಗಾಡಿಯಲ್ಲಿ ಹಿಂದೆ ಇದ್ದ. ಕತಗಾಲ ದಾಟಿದ ಮೇಲೆ ಕನ್ನಡಿಯಲ್ಲಿ ಅವನು ಕಾಣಲೇ ಇಲ್ಲ. ನಾನು ಮೇಲೆ ದೇವಿ ಗುಡಿ ಹತ್ತಿರ ಹತ್ತು ನಿಮಿಷ ನಿಂತು ಕಾದೆ. ಅವನು ಬಂದು ಏನು ಹೇಳಿದ ಗೊತ್ತಾ? 'ಎಮ್ಮೆಗೆ ಸುಸ್ತಾಯ್ತಾ, ನಿಲ್ಲಿಸಿದ್ದೀಯಲ್ಲ?'

ಬರುವ ವರ್ಷ ಗಾಡಿಗೆ 15 ತುಂಬುತ್ತದೆ. 'ಇನ್ನಾದರೂ ಮಾರು, ಜನರ ಹಾಗೆ ಒಂದು ಗಾಡಿ ತಗೋ' ಅಂತ ಮನೆಯಲ್ಲೂ ಶುರುವಾಗಿದೆ. ನನಗೆ ಮನಸ್ಸಿಲ್ಲ. ಇಂಥ ಗಾಡಿ ಇಟ್ಟುಕೊಂಡ ನೀವೆಲ್ಲ ಏನು ಮಾಡುತ್ತೀರಿ? ಕೀಟಲೆಗೆ ಏನು ಉತ್ತರ ಕೊಡುತ್ತೀರಿ? 15 ಆದ ಮೇಲೆ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆಯಾ?

---

ಬೈತಖೋಲ್_ಗಾಳಿ:

ತಮ್ಮಾ, ನಿನಗೆ ಬಂದಿರುವ ಹೆಸರುಗಳೆಲ್ಲ ನಮ್ಮ ಮನೆಗೆ ಮೂವತ್ತು ವರ್ಷದ ಹಿಂದೆಯೇ ಬಂದಿದ್ದವು. ನಮ್ಮ ಸೋದರಮಾವ ಕಾರವಾರದಲ್ಲಿ ಕಾಂಟೆಸ್ಸಾ ಇಟ್ಟಿದ್ದರು.

ಈಗಿನವರಿಗೆ ಹೇಳಬೇಕು. ಕಾಂಟೆಸ್ಸಾ ಅಂದರೆ 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಂದ ಕಾರು. ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಹಳೇ ಮಾಡೆಲ್‌ದು. ಒಳಗೆ ಹಾಕಿದ್ದು ಅಂಬಾಸಡರ್‌ನ ಅದೇ 1.5 ಲೀಟರ್ ಇಂಜಿನ್, 50 ಕುದುರೆಯ ಆಸುಪಾಸು. ಅಷ್ಟು ದೊಡ್ಡ ಗಾಡಿಗೆ ಅದು! ಬಂದರಿನಲ್ಲಿ ಮಾವನ ಸ್ನೇಹಿತರು 'ಹಡಗಿಗೆ ದೋಣಿ ಮೋಟಾರ್ ಕೂರಿಸಿದ್ದಾರೆ' ಅನ್ನುತ್ತಿದ್ದರು. ಆಮೇಲೆ ಜಪಾನಿನ ಇಸುಜು 1.8 ಪೆಟ್ರೋಲ್ ಇಂಜಿನ್ ಬಂತು, 88 ಕುದುರೆ, ಐದು ಗೇರು. ಮಾವನದು ಅದು. ಈಗ 88 ಅಂದರೆ ಮಕ್ಕಳು ನಗುತ್ತಾರೆ. ಆಗ ರಸ್ತೆ ಮೇಲೆ ಇದ್ದದ್ದು ಅಂಬಾಸಡರ್, ಪದ್ಮಿನಿ, ಮಾರುತಿ 800. 800ಕ್ಕೆ ಇದರ ಅರ್ಧದಷ್ಟೂ ಶಕ್ತಿ ಇರಲಿಲ್ಲ.

ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಗೋವಾ ಆಸ್ಪತ್ರೆಗೆ, ಮಂಗಳೂರಿಗೆ, ಎಲ್ಲಿಗೆ ಹೋಗುವುದಾದರೂ ರಸ್ತೆಯೇ ಗತಿ. ಆಗ ಅದಕ್ಕೆ ಎನ್‌ಎಚ್ 17 ಅನ್ನುತ್ತಿದ್ದರು, ಈಗಿನ 66. ಓಣಿಯಲ್ಲಿ ಯಾರಿಗೆ ರಾತ್ರಿ ಹೆರಿಗೆ ನೋವು ಬಂದರೂ ಮಾವನ ಬಾಗಿಲು ತಟ್ಟುತ್ತಿದ್ದರು. ಹಗಲು ಹಡಗು ಅಂದವರೇ. ಮಾವ ಏನೂ ಅನ್ನುತ್ತಿರಲಿಲ್ಲ, ಬೀಗದ ಕೈ ಹುಡುಕುತ್ತಿದ್ದರು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಅದು, ಮಳೆಗಾಲದಲ್ಲಿ ಕೆಂಪು ಮಣ್ಣಿನ ತಿರುವಿನಲ್ಲಿ ಬಾಲ ಆಡಿಸುತ್ತಿತ್ತು. ಹಿಂದೆ ಕೂತ ನಮಗೆ ಮಜಾ, ಅತ್ತೆ ಮಾತ್ರ ದೇವರ ಹೆಸರು ಹೇಳುತ್ತಿದ್ದರು.

ಅದನ್ನು ಕೊಂದದ್ದು ಕೀಟಲೆ ಅಲ್ಲ, ತುಕ್ಕು. ನಮ್ಮ ಕಡೆ ಸಮುದ್ರದ ಉಪ್ಪುಗಾಳಿ ಗೊತ್ತಲ್ಲ. ಮೇಲೆ ಬಣ್ಣ ಫಳಫಳ, ಕಾರ್ಪೆಟ್ ಎತ್ತಿದರೆ ನೆಲ ಕಾಣಿಸುತ್ತಿತ್ತು, ಕಾರಿನ ನೆಲ ಅಲ್ಲ, ಭೂಮಿ! ಬಾಗಿಲಿನ ಕೆಳ ಅಂಚು ಹಪ್ಪಳದ ಹಾಗೆ ಆಗಿತ್ತು, ಉಗುರು ಒತ್ತಿದರೆ ಪುಡಿ. ಕೊನೆಗೆ ಹಿತ್ತಲಲ್ಲಿ ನಿಂತಿತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡಲು ಶುರು ಮಾಡಿತು.

ಅದಕ್ಕೇ ನಿನಗೆ ಒಂದೇ ಮಾತು. ಸೋಂದೆಯಲ್ಲಿ ಇದ್ದೀಯಾ, ಉಪ್ಪು ಇಲ್ಲ, ಆದರೆ ಮಳೆ ಕೆಸರು ಜಾಸ್ತಿ. ಮಳೆಗಾಲ ಮುಗಿದ ಕೂಡಲೇ ಗಾಡಿಯ ಹೊಟ್ಟೆ ತೊಳೆಸು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಕೆಸರು ಎಲೆ ಸೇರಿ ಮುಚ್ಚುತ್ತವೆ. ಒಂದು ಹಿಡಿಕಡ್ಡಿ ಹಾಕಿ ಬಿಡಿಸು. ಗಾಜಿನ ಕೆಳಗೆ ವೈಪರ್ ಹತ್ತಿರವೂ ನೋಡು, ಅಡಿಕೆ ಸೋಗೆ ಚೂರು, ಹಣ್ಣೆಲೆ ಅಲ್ಲೇ ಸೇರುವುದು.

---

ದಾಂಡೇಲಿ_ಪಿಸ್ಟನ್:

'ಗೊತ್ತಿದ್ದರೂ ಒಪ್ಪುವುದಿಲ್ಲ' ಅಂದಿರಲ್ಲ, ಒಪ್ಪಿಸಲು ಸ್ವಲ್ಪ ಲೆಕ್ಕ ಕೊಡುತ್ತೇನೆ.

ಕುದುರೆ ಶಕ್ತಿ ತೋರಿಸಿ ಜಗಳ ಆಡಬೇಡಿ. ನಿಮ್ಮದು 140 ಕುದುರೆ, ತೂಕ ಒಂದೂವರೆ ಟನ್ ಹತ್ತಿರ. 1.2 ಲೀಟರ್ ಪೆಟ್ರೋಲ್‌ನ ಎತ್ತರದ ಸಣ್ಣ ಗಾಡಿಗೆ 85ರ ಆಸುಪಾಸು, ತೂಕವೂ ಕಡಿಮೆ. ಟನ್‌ಗೆ ಎಷ್ಟು ಅಂತ ಭಾಗಿಸಿದರೆ ನೀವು ಮುಂದೆ, ಆದರೆ ನೀವು ಹೇಳುವಷ್ಟು ಮುಂದೆ ಅಲ್ಲ. ವ್ಯತ್ಯಾಸ ಇರುವುದು ಟಾರ್ಕ್‌ನಲ್ಲಿ, ಅಂದರೆ ತಿರುಗಿಸುವ ಬಲದಲ್ಲಿ. ನಿಮ್ಮ ಇಂಜಿನ್ ನಿಮಿಷಕ್ಕೆ 1750 ಸುತ್ತು ತಿರುಗುವಾಗಲೇ 320 ನ್ಯೂಟನ್ ಮೀಟರ್ ಕೊಡುತ್ತದೆ. ಟರ್ಬೊ ಇಲ್ಲದ 1.2 ಪೆಟ್ರೋಲ್ ಕೊಡುವುದು 110ರ ಹತ್ತಿರ, ಅದೂ 4000 ದಾಟಿದ ಮೇಲೆ. ಅಂದರೆ ಏರಿನಲ್ಲಿ ಅವರು ಗೇರು ಇಳಿಸಿ ಇಂಜಿನ್ ಕಿರುಚಿಸುವಷ್ಟರಲ್ಲಿ ನೀವು ಅರ್ಧ ಲಾರಿ ದಾಟಿರುತ್ತೀರಿ. ಅದರ ಮೇಲೆ ಆ ಡಿಎಸ್‌ಜಿ ಗೇರ್‌ಬಾಕ್ಸ್. ಒಳಗೆ ಎರಡು ಕ್ಲಚ್, ಒಂದು ಗೇರಿನಲ್ಲಿ ಓಡುವಾಗಲೇ ಪಕ್ಕದ ಗೇರು ತಯಾರಾಗಿ ಕೂತಿರುತ್ತದೆ. ಪಂಕ್ತಿಯಲ್ಲಿ ಅನ್ನ ಮುಗಿಯುವ ಮೊದಲೇ ಸಾರಿನವ ಹಿಂದೆ ನಿಂತ ಹಾಗೆ.

ಎತ್ತರದ ಗಾಡಿಗೆ ಗಾಳಿಯ ಅಡ್ಡಿ ಜಾಸ್ತಿ, ತಿರುವಿನಲ್ಲಿ ಮೈ ವಾಲುವುದೂ ಜಾಸ್ತಿ. ಆದರೆ ನಿಮ್ಮದು ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಮೂಗಿನ ಮೇಲೆ ಭಾರದ ಡೀಸೆಲ್ ಇಂಜಿನ್. ಒದ್ದೆ ರಸ್ತೆಯಲ್ಲಿ ಅತಿಯಾಗಿ ಹೊಕ್ಕರೆ ತಿರುಗದೆ ನೇರ ಹೋಗುತ್ತದೆ. ಇಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

ಗೇರ್‌ಬಾಕ್ಸ್ ವಿಷಯ. ನಿಮ್ಮ ಡೀಸೆಲ್‌ನಲ್ಲಿರುವುದು ಆರು ಗೇರಿನದು, ಎಣ್ಣೆಯಲ್ಲಿ ಮುಳುಗಿದ ಕ್ಲಚ್. ಅದರ ಎಣ್ಣೆ ಮತ್ತು ಫಿಲ್ಟರ್ 60,000 ಕಿಲೋಮೀಟರಿಗೆ ಒಮ್ಮೆ ಬದಲಿಸಲೇಬೇಕು. ಹಿಂದಿನ ಮಾಲೀಕರು ಬದಲಿಸಿದ್ದಾರಾ, ಬಿಲ್ ಇದೆಯಾ? ಟೈಮಿಂಗ್ ಬೆಲ್ಟ್‌ದೂ ನೋಡಿ. ಬೆಲ್ಟ್ ತುಂಡಾದರೆ ಇಂಜಿನ್ನೇ ಹೋಗುತ್ತದೆ. ಊರವರು ಏನಂತಾರೆ ಅನ್ನುವುದಕ್ಕಿಂತ ಇದು ಮುಖ್ಯ.

15ರ ಬಗ್ಗೆ: ದೆಹಲಿಯ 10 ವರ್ಷದ ಡೀಸೆಲ್ ನಿಯಮ ನಮಗಿಲ್ಲ. ಸ್ವಂತ ಕಾರಿಗೆ 15 ಆದ ಮೇಲೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿಕೊಂಡರೆ ಮತ್ತೆ ಐದು ವರ್ಷ ಓಡಿಸಬಹುದು. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ವಿಳಾಸ ಶಿರಸಿಗೆ ಬದಲಿಸಿಕೊಂಡಿದ್ದರೆ ಕೆಎ 31 ಕಚೇರಿಯಲ್ಲೇ ಆಗುತ್ತದೆ. ಇನ್ನೂ ಬೆಂಗಳೂರು ವಿಳಾಸದಲ್ಲೇ ಇದ್ದರೆ ಈಗಲೇ ಆ ಕೆಲಸ ಶುರು ಮಾಡಿ.

---

ಬನವಾಸಿ_ಅಕ್ಕ:

ಮಾರಿಬಿಡು ತಮ್ಮ. ಎಲ್ಲರೂ ಇಂಜಿನ್ ಪುರಾಣ ಹೇಳುತ್ತಿದ್ದೀರಿ, ಹಿಂದೆ ಕೂರುವವರನ್ನು ಯಾರಾದರೂ ಕೇಳಿದ್ದೀರಾ?

ನಮ್ಮ ಮನೆಯಲ್ಲೂ ಇಂಥದ್ದೇ ಉದ್ದ ಗಾಡಿ ಇತ್ತು. ಕಾಲು ಚಾಚಿ ಮಲಗಬಹುದು, ಅದೆಲ್ಲ ಖರೆ. ಆದರೆ ಅತ್ತೆಗೆ ಮಂಡಿ ನೋವು. ಕೂರುವಾಗ ಕೆಳಗೆ ಬೀಳಬೇಕು, ಏಳುವಾಗ ಇಬ್ಬರು ಎತ್ತಬೇಕು. ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಸುಮ್ನೆ ಸರಿದು ಕೂತರೆ ಆಯಿತು. ಊರವರ ಬಾಯಿಗೆ ಅಲ್ಲ, ಮನೆಯ ಮಂಡಿಗೆ ಬೆಲೆ ಕೊಡು.

ಮತ್ತೆ ಎಮ್ಮೆ ಅಂದರೆ ಬೇಜಾರು ಯಾಕೆ? ನಮ್ಮ ಎಮ್ಮೆ ಹಗ್ಗ ಬಿಚ್ಚಿಕೊಂಡ ದಿನ ನಮ್ಮ ಯಜಮಾನರು ಅದರ ಹಿಂದೆ ಓಡಿದ್ದು ನೋಡಿದ್ದರೆ ನೀನು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

---

ಅರಬೈಲ್_ಅಣ್ಣ:

ಬೇಲೆಕೇರಿಗೆ ಅದಿರು ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಕಾಲದಲ್ಲಿ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸಿದವ ನಾನು. ಸ್ವಲ್ಪ ಖಾರ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಘಟ್ಟದಲ್ಲಿ ಕನ್ನಡಿ ನೋಡಿ 'ಭಾವ ಕಾಣಲಿಲ್ಲ' ಅಂತ ಖುಷಿ ಪಡುವ ಡ್ರೈವರ್ ಮುಂದೆ ನೋಡುತ್ತಿಲ್ಲ ಅಂತ ಅರ್ಥ. ತಿರುವಿನ ಆಚೆ ಬಸ್ಸು ಇರುತ್ತದೆ, ಬಸ್ಸಿನ ಪಕ್ಕ ಬೈಕು ಇರುತ್ತದೆ, ಮಂಜು ಬಿದ್ದರೆ ಎರಡೂ ಕಾಣುವುದಿಲ್ಲ. ಕೇಂದ್ರದ 2018ರ ಅಧಿಸೂಚನೆ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಜಾಸ್ತಿ ಅಂದರೆ 100, ಇಂಥ ರಸ್ತೆಗೆ 70. ಘಟ್ಟದ ತಿರುವಿಗೆ 70 ಕೂಡ ಹುಚ್ಚೇ.

ಹತ್ತುವಾಗ ಯಾವ ಗಾಡಿಯೂ ಹೀರೋ. ಇಳಿಯುವಾಗ ಗೊತ್ತಾಗುತ್ತದೆ. ಆಟೊಮ್ಯಾಟಿಕ್ ಅಂತ ಡಿಯಲ್ಲಿ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದಿಲ್ಲ. ಮ್ಯಾನ್ಯುಅಲ್ ಕಡೆ ತಳ್ಳಿ ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಸು, ಇಂಜಿನ್ನೇ ತಡೆಯುತ್ತದೆ. ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ ಬದಲಿಸು. ಟೈರಿನ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1819 ಅಂತ ಇದ್ದರೆ 2019ರ 18ನೇ ವಾರ. ಮೇಲಿನ ಗೀರು ಸವೆದಿಲ್ಲ ಅಂತ ಹಳೇ ಟೈರ್ ಹಾಕಿಕೊಂಡು ನಮ್ಮ ಮಳೆಯಲ್ಲಿ ಓಡಿಸಬೇಡ, ರಬ್ಬರು ಕಲ್ಲಾಗಿರುತ್ತದೆ.

ಗಾಡಿ ಮಾರಬೇಡ. ಚೆನ್ನಾಗಿದೆ.

---

ಕುಮಟಾ_ಮಾಣಿ:

ಭಾವ. ಇದು ನೀನೇ ಅಲ್ವಾ?

ಕಪ್ಪು ಸುಪರ್ಬ್, ಜಾತ್ರೆ ಸೆಲ್ಯೂಟ್, ದಣಪೆ ಕಲ್ಲು. ಹೆಸರು ಬದಲಿಸಿಕೊಂಡರೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಸರಿ, ದೇವಿಮನೆ ಕಥೆ ಅರ್ಧ ಬರೆದಿದ್ದೀಯಾ, ಉಳಿದರ್ಧ ನಾನು ಬರೆಯುತ್ತೇನೆ.

ಎಲ್ಲರೂ ಕೇಳಿ. ಇವನು ಗುಡಿ ಹತ್ತಿರ ಹತ್ತು ನಿಮಿಷ ನಿಂತದ್ದು ನನಗೆ ಕಾಯಲು ಅಲ್ಲ. ಹಿಂದೆ ನಮ್ಮ ಮಾವ ಕೂತಿದ್ದರು, ಅಂದರೆ ಇವನ ಅಪ್ಪ. ಮದುವೆಮನೆಯಲ್ಲಿ ಹೋಳಿಗೆ, ಅಪ್ಪೆಹುಳಿ ಎಲ್ಲ ಸರಿಯಾಗಿ ಹೊಡೆದು ಹತ್ತಿದವರು. ನಾಲ್ಕನೇ ತಿರುವಿಗೇ 'ನಿಲ್ಲಿಸೋ' ಅಂದರಂತೆ. ಅಂಥ ಉದ್ದದ ಗಾಡಿ, ಹಿಂದಿನ ಸೀಟು ಪಕ್ಕದ ಊರಿನಲ್ಲಿದೆ, ಇವನಿಗೆ ಕೇಳಿಸಲೇ ಇಲ್ಲ! ನಾನು ಮೇಲೆ ಮುಟ್ಟುವಾಗ ಮಾವ ಕಟ್ಟೆ ಮೇಲೆ ತಲೆಗೆ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದರು, ಈ ಹೀರೋ ಕಾಲಡಿಯ ಮ್ಯಾಟ್ ತೊಳೆಯುತ್ತಿದ್ದ. ಅದನ್ನು ನೋಡಿಯೇ ನಾನು ಎಮ್ಮೆಗೆ ಸುಸ್ತಾಯ್ತಾ ಅಂತ ಕೇಳಿದ್ದು.

ಗಾಡಿ ಓಡುತ್ತದೆ, ಒಪ್ಪಿದೆ. ನಾನು ಕೀಟಲೆ ಮಾಡುವುದು ಗಾಡಿಗಲ್ಲ. ಅದರಲ್ಲಿ ಕೂತ ಕೂಡಲೇ ನಿನ್ನ ಮೋರೆ ಬದಲಾಗುತ್ತದಲ್ಲ, ಅದಕ್ಕೆ.

---

ಸೋಂದೆಮಾಣಿ:

ಸಿಕ್ಕಿಬಿದ್ದೆ.

ಹೌದು, ಭಾವ ಹೇಳಿದ್ದು ಖರೆ. ಅಪ್ಪ ಆಮೇಲೆ ಒಂದು ವರ್ಷ ಈ ಗಾಡಿಯಲ್ಲಿ ಮುಂದೆಯೇ ಕೂರುತ್ತಿದ್ದ, ಕೈ ಸದಾ ಮೇಲಿನ ಹಿಡಿಕೆ ಮೇಲೆ. ಅವತ್ತಿನಿಂದ ನಾನು ಘಟ್ಟದಲ್ಲಿ ನಿಧಾನ. ಅರಬೈಲ್ ಅಣ್ಣನ ಬೈಗುಳ ತಡವಾಗಿ ಬಂದರೂ ಸರಿಯಾದ ಜಾಗಕ್ಕೇ ಬಂದಿದೆ. ಟೈರ್ ನೋಡಿದೆ, ಮುಂದಿನವು ಪರವಾಗಿಲ್ಲ. ಹಿಂದಿನವು 2018ರದ್ದು. ಬದಲಿಸುತ್ತೇನೆ.

ಗೇರ್‌ಬಾಕ್ಸ್ ಎಣ್ಣೆಯ ಬಿಲ್ ಇದೆ. ಬೆಲ್ಟ್‌ದು ಇಲ್ಲ, ಹುಬ್ಬಳ್ಳಿಗೆ ಹೋಗಿ ತೋರಿಸುತ್ತೇನೆ. ವಿಳಾಸ ಮೊದಲೇ ಬದಲಿಸಿದ್ದೇನೆ.

ಬನವಾಸಿ ಅಕ್ಕ, ಮಂಡಿ ಮಾತು ನಾಟಿತು. ಆಯಿಯನ್ನು ಕೇಳಿದೆ. 'ಕೂರುವುದಕ್ಕೆ ಕಷ್ಟ ಇಲ್ಲ, ಇಳಿಯುವಾಗ ನೀನು ಬಂದು ಕೈ ಕೊಡು, ಫೋನ್ ನೋಡುತ್ತ ಇರಬೇಡ' ಅಂದಳು. ಇನ್ನೊಂದು ತಮಾಷೆ ಹೇಳುತ್ತೇನೆ. ಈ ಗಾಡಿಯ ಹಿಂದಿನ ಎಡ ಬಾಗಿಲಿನ ಅಂಚಿನಲ್ಲಿ ಕೊಡೆ ಇಡಲು ಅಂತ ಒಂದು ಉದ್ದ ತೂತು ಇದೆ. ಬಾಗಿಲು ತೆಗೆದರೆ ಮಾತ್ರ ಕಾಣುತ್ತದೆ. ಕಂಪನಿಯವರು ಮಳೆಯ ಊರನ್ನು ನೆನೆದೇ ಮಾಡಿದ ಹಾಗಿದೆ. ಆದರೆ ಅಪ್ಪನ ಕೊಡೆ ಬಗ್ಗಿದ ಹಿಡಿಕೆಯ ಉದ್ದ ಕೊಡೆ, ಅದು ಆ ತೂತಿನಲ್ಲಿ ಹೋಗುವುದಿಲ್ಲ. ಎರಡು ಮಳೆಗಾಲ ಅಪ್ಪ ಹೋರಾಡಿ ನೋಡಿದ. ಈಗ ಆಯಿ ಅದರಲ್ಲಿ ಟಾರ್ಚ್ ಇಟ್ಟಿದ್ದಾಳೆ. ರಾತ್ರಿ ಕರೆಂಟ್ ಹೋದರೆ ಮನೆಯವರೆಲ್ಲ ಟಾರ್ಚಿಗೆ ಅಂತ ಅಂಗಳದ ಕಾರಿನ ಕಡೆ ಓಡುತ್ತಾರೆ.

ಡಿಕ್ಕಿಯೂ ಹಾಗೇ. ಬೇಕಾದರೆ ಸಣ್ಣ ಮುಚ್ಚಳ ಮಾತ್ರ ತೆರೆಯುತ್ತದೆ, ಬೇಕಾದರೆ ಹಿಂದಿನ ಗಾಜಿನ ಸಮೇತ ಪೂರ್ತಿ ಮೇಲೆ ಏಳುತ್ತದೆ. 565 ಲೀಟರ್ ಜಾಗ. ಚಾಲಿ ಅಡಿಕೆ ಚೀಲ ಹಾಕಿಕೊಂಡು ಅಡಿಕೆ ಮಾರುವ ಸೊಸೈಟಿ ಟಿಎಸ್‌ಎಸ್‌ಗೆ ಹೋದರೆ ಅಲ್ಲಿ ಹಮಾಲರು 'ಸಾಹೇಬರ ಅಡಿಕೆ ಬಂತು' ಅಂತ ಕೂಗುತ್ತಾರೆ. ಅದು ನನಗೆ ಇಷ್ಟವೇ, ಸುಳ್ಳು ಯಾಕೆ ಹೇಳಲಿ.

ಮಾರುವುದಿಲ್ಲ. 20 ತುಂಬುವ ತನಕ ನೋಡೋಣ.

ಭಾವ, ನೀನು ಮೋರೆ ನೋಡಿ ನಗುವುದಾದರೆ ನಗು. ಆದರೆ ಆ ದಣಪೆ ಕಲ್ಲಿನ ವಿಷಯ ನಿನಗೂ ಗೊತ್ತು. ಹೋದ ತಿಂಗಳು ನಿನ್ನ ಎತ್ತರದ ಗಾಡಿಯೂ ಅಲ್ಲಿ 'ಕರ್ರ್' ಅಂದದ್ದನ್ನು ಆಯಿ ಕೇಳಿಸಿಕೊಂಡಿದ್ದಾಳೆ. ನಾನೇ ಬಂದೆ ಅಂತ ನೀರು ಇಟ್ಟಿದ್ದಳು.

---

ಕುಮಟಾ_ಮಾಣಿ:

ಅದು ನನ್ನ ಗಾಡಿಯ ತಪ್ಪಲ್ಲ, ಒಳಗೆ ಆರು ಜನ ಇದ್ದೆವು.

ಭಾನುವಾರ ಬರುತ್ತೇನೆ. ಹಾರೆ ನಿಮ್ಮಲ್ಲಿದೆಯಾ, ಇಲ್ಲಿಂದ ತರಲಾ?

---

ಸೋಂದೆಮಾಣಿ:

ಒಂದು ಇದೆ. ಇನ್ನೊಂದು ತಾ. ಕಲ್ಲು ನೆಲದೊಳಗೆ ಎಷ್ಟಿದೆಯೋ ಗೊತ್ತಿಲ್ಲ.